73ನೇ ನಿಮಿಷದ ಗೋಲು: ತುಮಕೂರಿನ ಮೈದಾನದಲ್ಲಿ ಮತ್ತೆ ಅಳೆದು ನೋಡಿದ್ದು

2024ರ ಜೂನ್ 11ರ ರಾತ್ರಿ ಭಾರತ ಫುಟ್‌ಬಾಲ್ ತಂಡ ದೋಹಾದ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಕತಾರ್ ವಿರುದ್ಧ ಆಡುತ್ತಿತ್ತು. 2026ರ ವಿಶ್ವಕಪ್‌ಗೆ ಏಷ್ಯಾದ ಅರ್ಹತಾ ಪಂದ್ಯಗಳ ಎರಡನೇ ಸುತ್ತು ಅದು. ಗುಂಪಿನಲ್ಲಿ ಭಾರತಕ್ಕೆ ಅದೇ ಕೊನೆಯ ಪಂದ್ಯ. ಸುನಿಲ್ ಛೆಟ್ರಿ ಐದು ದಿನ ಮೊದಲು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದರು. ಆ ಪಂದ್ಯ ಗೋಲಿಲ್ಲದೆ ಮುಗಿದಿತ್ತು. ಹಾಗಾಗಿ ಎಲ್ಲವೂ ದೋಹಾದ ಮೇಲೆ ನಿಂತಿತ್ತು. ಗುಂಪಿನ ಮೊದಲ ಎರಡು ತಂಡಗಳು ಮೂರನೇ ಸುತ್ತಿಗೆ ಹೋಗುತ್ತವೆ, ಜೊತೆಗೆ 2027ರ ಏಷ್ಯಾ ಕಪ್‌ನಲ್ಲೂ ನೇರ ಜಾಗ ಸಿಗುತ್ತದೆ. ಕತಾರ್ ಆಗಲೇ ಮುಂದಿನ ಸುತ್ತು ಖಚಿತ ಮಾಡಿಕೊಂಡಿತ್ತು. ಇನ್ನೊಂದು ಜಾಗಕ್ಕೆ ಪೈಪೋಟಿ.

37ನೇ ನಿಮಿಷದಲ್ಲಿ ಲಾಲಿಯನ್‌ಜುವಾಲಾ ಛಾಂಗ್ಟೆ ಗೋಲು ಹೊಡೆದರು. ಭಾರತ 1-0.

73ನೇ ನಿಮಿಷ. ಕತಾರ್‌ಗೆ ಫ್ರೀಕಿಕ್. ಹಾರಿಬಂದ ಚೆಂಡಿಗೆ ಯೂಸುಫ್ ಅಯ್ಮನ್ ತಲೆ ಕೊಟ್ಟರು. ಭಾರತದ ನಾಯಕ, ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಬಿದ್ದು ತಡೆದರು. ಚೆಂಡು ಕೈಯಲ್ಲಿ ನಿಲ್ಲದೆ ಉರುಳಿಕೊಂಡು ಹೋಗಿ ಕಂಬದ ಪಕ್ಕದಲ್ಲಿ ಗೆರೆ ದಾಟಿತು. ಹಾಶ್ಮಿ ಅಲ್ ಹುಸೇನ್ ಅದನ್ನು ಕಾಲಿನಿಂದ ಒಳಕ್ಕೆ ಎಳೆದರು. ಅಯ್ಮನ್ ಗೋಲಿಗೆ ತಳ್ಳಿದರು. ಭಾರತದ ಆಟಗಾರರು ಕೈ ಎತ್ತಿ ರೆಫರಿ ಕಡೆ ಓಡಿದರು. ರೆಫರಿ ಗೋಲು ಕೊಟ್ಟರು. 85ನೇ ನಿಮಿಷದಲ್ಲಿ ಅಹ್ಮದ್ ಅಲ್ ರಾವಿ ಇನ್ನೊಂದು ಹೊಡೆದರು. ಕತಾರ್ 2-1. ಅದೇ ರಾತ್ರಿ ಕುವೈತ್ ತಂಡ ಅಫ್ಘಾನಿಸ್ತಾನವನ್ನು 1-0ರಿಂದ ಸೋಲಿಸಿ ಎರಡನೇ ಸ್ಥಾನ ಹಿಡಿಯಿತು. ಭಾರತ ಹೊರಬಿತ್ತು.

ಟಿವಿಯಲ್ಲಿ ರಿಪ್ಲೇ ಬಂತು. ಚೆಂಡಿಗೂ ಗೆರೆಗೂ ನಡುವೆ ಜಾಗ ಕಾಣುತ್ತಿತ್ತು. ಅರ್ಧ ಗಂಟೆಯೊಳಗೆ ಆ ತುಣುಕು ದೇಶದ ಎಲ್ಲ ಫುಟ್‌ಬಾಲ್ ಹುಚ್ಚರ ಮೊಬೈಲ್‌ನಲ್ಲಿತ್ತು.

ತುಮಕೂರಿನಲ್ಲಿ ನಾನು ಪಿಯು ಹುಡುಗ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಅವರಲ್ಲಿ ಕೆಲವರಿಗೆ ರೆಫರಿ ಪರೀಕ್ಷೆ ಬರೆಯುವ ಆಸೆ. ಅವರಿಗೆ ನಿಯಮ ಪಾಠ ಮಾಡುವಾಗ ಈ ಒಂದು ಗೋಲನ್ನೇ ಇಟ್ಟುಕೊಂಡು ಕೂತೆವು. ಯಾಕೆಂದರೆ ಟಿವಿ ಫುಟ್‌ಬಾಲ್‌ನಲ್ಲಿ ಕ್ಯಾಮೆರಾ ಏನು ಮಾಡಬಲ್ಲದು, ಏನು ಮಾಡಲಾರದು ಎನ್ನುವ ಪ್ರಶ್ನೆ ಪೂರ್ತಿ ಇದರೊಳಗೇ ಇದೆ. ಸುಮ್ನೆ ರೆಫರಿಗೆ ಬೈದು ಮುಗಿಸಿದರೆ ಏನೂ ಕಲಿತಂತಾಗುವುದಿಲ್ಲ.

ನಿಯಮ ಏನು ಹೇಳುತ್ತದೆ

ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಹೊರಗೆ. ನೆಲದ ಮೇಲಾದರೂ ಸರಿ, ಗಾಳಿಯಲ್ಲಾದರೂ ಸರಿ. ಗೆರೆಯ ಹೊರ ಅಂಚಿನ ನೇರಕ್ಕೆ ಚೆಂಡಿನ ಒಂದು ಕೂದಲೆಳೆಯಷ್ಟು ಭಾಗ ಇದ್ದರೂ ಆಟ ನಡೆಯುತ್ತಿದೆ ಎಂದೇ ಲೆಕ್ಕ. ದೋಹಾದಲ್ಲಿ ಚೆಂಡು ಹೊರಗೆ ಹೋಗಿತ್ತು ಎಂದುಕೊಂಡರೆ, ಕೊನೆಗೆ ಮುಟ್ಟಿದ್ದು ಗುರುಪ್ರೀತ್. ಹಾಗಾಗಿ ಸರಿಯಾದ ತೀರ್ಪು ಕತಾರ್‌ಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಹೊಡೆಯುವ ಅವಕಾಶ. ಇದನ್ನು ಮರೆಯಬಾರದು. ಗೋಲು ಕೊಡದಿದ್ದರೆ ಭಾರತ ಗೆದ್ದೇಬಿಡುತ್ತಿತ್ತು ಎಂದು ಹೇಳುವಂತಿಲ್ಲ. ಒಂದು ಕಾರ್ನರ್ ಎದುರಿಸಿ, ಇನ್ನೂ ಹದಿನೇಳು ನಿಮಿಷ ಮತ್ತು ಹೆಚ್ಚುವರಿ ಸಮಯ ಕಾಯ್ದುಕೊಳ್ಳಬೇಕಿತ್ತು. ಆದರೆ ಆ ಅವಕಾಶ ಅವರ ಪಾಲಿನದು. ಅದು ಕೈತಪ್ಪಿತು.

ರೆಫರಿ ಆಟವನ್ನು ಮತ್ತೆ ಶುರು ಮಾಡಿಸಿದ ಮೇಲೆ ಹಿಂದಿನ ತೀರ್ಪು ಬದಲಿಸುವಂತಿಲ್ಲ. ಗೋಲು ಆಯಿತೋ ಇಲ್ಲವೋ ಎನ್ನುವುದರಲ್ಲಿ ಅವರ ಮಾತೇ ಕೊನೆ. ದೋಹಾದಂತೆ ವಿಎಆರ್ (ವಿಡಿಯೋ ನೋಡಿ ಮೈದಾನದ ರೆಫರಿಗೆ ನೆರವಾಗುವ ಇನ್ನೊಬ್ಬ ಅಧಿಕಾರಿಯ ವ್ಯವಸ್ಥೆ) ಇಲ್ಲದ ಪಂದ್ಯದಲ್ಲಿ ಅವರು ಯಾವ ರಿಪ್ಲೇಯನ್ನೂ ನೋಡಿ ತೀರ್ಪು ಕೊಡುವಂತಿಲ್ಲ. ಕ್ರೀಡಾಂಗಣದ ದೊಡ್ಡ ಪರದೆಯಲ್ಲಿ ತೋರಿಸಿದರೂ ಅಷ್ಟೇ.

ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಎಲ್ರಿಗೂ ಕಾಣ್ತಿದೆ, ತೀರ್ಪು ಕೊಡೋರು ಮಾತ್ರ ನೋಡಂಗಿಲ್ಲ. ಇದ್ಯಾವ ನ್ಯಾಯ?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಮೊದಲು "ಎಲ್ರಿಗೂ ಕಾಣ್ತಿದೆ" ಎನ್ನುವ ಮಾತನ್ನು ಪರೀಕ್ಷೆ ಮಾಡೋಣ ಎಂದೆ.

ಮೈದಾನದಲ್ಲಿ

ಜೂನಿಯರ್ ಕಾಲೇಜು ಮೈದಾನದಲ್ಲಿ ಗೋಲ್ ಕಂಬದ ಪಕ್ಕ ಸುಣ್ಣದ ಪುಡಿಯಿಂದ ಹೊಸದಾಗಿ ಗೆರೆ ಎಳೆದೆವು. ಅಗಲ 12 ಸೆಂ.ಮೀ., ನಿಯಮ ಅದಕ್ಕಿಂತ ಜಾಸ್ತಿ ಬಿಡುವುದಿಲ್ಲ. ಐದನೇ ಸೈಜಿನ ಚೆಂಡು. ಸುತ್ತಳತೆ 68ರಿಂದ 70 ಸೆಂ.ಮೀ. ಇರುತ್ತದೆ, ಅಂದರೆ ಅಡ್ಡಳತೆ ಸುಮಾರು 22 ಸೆಂ.ಮೀ. ನೆಲ ಮುಟ್ಟುವ ಜಾಗದಿಂದ ಅಂಚಿಗೆ 11.

ಚೆಂಡು ನೆಲ ಮುಟ್ಟುವ ಜಾಗ ಗೆರೆಯ ಹೊರ ಅಂಚಿನಿಂದ 8 ಸೆಂ.ಮೀ. ಆಚೆ ಇರುವಂತೆ ಇಟ್ಟೆವು. ಒಳಗಡೆಯಿಂದ ನಿಂತು ನೋಡಿದರೆ ಚೆಂಡಿನ ಬುಡಕ್ಕೂ ಸುಣ್ಣಕ್ಕೂ ಮಧ್ಯೆ ಕೆಂಪು ಮಣ್ಣು ಚೆನ್ನಾಗಿ ಕಾಣುತ್ತದೆ. ಎಲ್ಲರೂ ಒಂದೇ ಬಾಯಲ್ಲಿ ಔಟ್ ಎಂದರು. ಆಮೇಲೆ ದಾರಕ್ಕೆ ಕಲ್ಲು ಕಟ್ಟಿ, ಗೆರೆಯ ಕಡೆಗಿರುವ ಚೆಂಡಿನ ಉಬ್ಬಿಗೆ ತಾಗುವಂತೆ ಇಳಿಬಿಟ್ಟೆವು. ಕಲ್ಲು ಸುಣ್ಣದ ಮೇಲೆ ಬಂದು ನಿಂತಿತು, ಅಂಚಿನಿಂದ 3 ಸೆಂ.ಮೀ. ಒಳಗೆ. ಚೆಂಡು ಇನ್ನೂ ಆಟದಲ್ಲಿದೆ. ಗುಬ್ಬಿಯಿಂದ ಬರುವ ಹುಡುಗಿ ಮಂಡಿಯೂರಿ ಕೂತು, ದಾರವನ್ನು ತಾನೇ ಹಿಡಿದು ಮತ್ತೆ ಬಿಟ್ಟು ನೋಡಿದಳು. ಅದೇ ಜಾಗಕ್ಕೆ ಬಂತು.

ಈಗ ಮೊಬೈಲ್‌ಗಳು. ಒಂದು ಮೈದಾನದ ಮಧ್ಯಗೆರೆಯ ನೇರಕ್ಕೆ, ಎತ್ತರದ ಮೆಟ್ಟಿಲ ಮೇಲೆ. ಟಿವಿಯ ಮುಖ್ಯ ಕ್ಯಾಮೆರಾ ಇರುವುದೇ ಅಂಥ ಜಾಗದಲ್ಲಿ. ಎರಡನೆಯದು ಗೋಲಿನ ಹಿಂದೆ, ಮಂಡಿ ಎತ್ತರಕ್ಕೆ. ಮೂರನೆಯದು ಕಾರ್ನರ್ ಬಾವುಟದ ಹತ್ತಿರ, ಗೆರೆಯ ಹೊರ ಅಂಚಿಗೆ ಸರಿಯಾಗಿ ನೇರ ಇಟ್ಟು.

ಮೆಟ್ಟಿಲ ಮೇಲಿನ ಮೊಬೈಲ್‌ನಲ್ಲಿ ಚೆಂಡು ಹೊರಗಿದ್ದಂತೆ ಕಂಡಿತು. ಗೋಲಿನ ಹಿಂದಿನದರಲ್ಲಿ ಚೆಂಡೇ ಗೆರೆಯನ್ನು ಮುಚ್ಚಿಬಿಟ್ಟಿತ್ತು, ಏನೂ ಹೇಳುವಂತಿರಲಿಲ್ಲ. ಬಾವುಟದ ಹತ್ತಿರದ್ದರಲ್ಲಿ ಮಾತ್ರ ಚೆಂಡಿನ ಅಂಚು ಬಿಳಿಯ ಮೇಲೆ ಕೂತಿರುವುದು ಕಂಡಿತು. ಆಮೇಲೆ ಚೆಂಡನ್ನು 5 ಸೆಂ.ಮೀ. ಹೊರಗೆ ಸರಿಸಿದೆವು. ಈಗ 13. ನಿಜವಾಗಿಯೂ ಔಟ್. ಬಾವುಟದ ಮೊಬೈಲ್‌ನಲ್ಲಿ ಬೆರಳಗಲ ಜಾಗ ತೆರೆದುಕೊಂಡಿತು. ಮೆಟ್ಟಿಲ ಮೇಲಿನದರಲ್ಲಿ ಮೊದಲಿನ ಚಿತ್ರಕ್ಕೂ ಇದಕ್ಕೂ ಏನೇನೂ ವ್ಯತ್ಯಾಸವಿಲ್ಲ. ಎರಡು ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಯಾವುದು ಒಳಗೆ, ಯಾವುದು ಹೊರಗೆ ಎಂದು ಕೇಳಿದೆ. ಅರ್ಧ ಜನ ಅದು, ಅರ್ಧ ಜನ ಇದು.

ಕ್ರಿಕೆಟ್ ನೋಡುವವರಿಗೆ ಇದು ಗೊತ್ತಿರುವ ವಿಷಯವೇ. ರನ್‌ಔಟ್ ನೋಡಲು ಕ್ರೀಸಿನ ನೇರಕ್ಕೇ ಕ್ಯಾಮೆರಾ ಇಡುತ್ತಾರೆ. 1992ರ ನವೆಂಬರ್‌ನಲ್ಲಿ ಡರ್ಬನ್‌ನಲ್ಲಿ ಸಚಿನ್ ತೆಂಡೂಲ್ಕರ್ ಟಿವಿ ಅಂಪೈರ್ ತೀರ್ಪಿನಿಂದ ಔಟಾದ ಮೊದಲ ಬ್ಯಾಟ್ಸ್‌ಮನ್ ಆದಾಗಿನಿಂದ ನಮ್ಮ ಮನೆಗಳಲ್ಲಿ ಇದರ ಚರ್ಚೆ ನಡೆದಿದೆ. ಫುಟ್‌ಬಾಲ್‌ಗೆ ಆ ಬುದ್ಧಿ ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 2010ರ ಜೂನ್ 27ರಂದು ಬ್ಲೂಮ್‌ಫಾಂಟೇನ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಕಂಬಕ್ಕೆ ಬಡಿದು ಗೆರೆಯ ಒಳಗೇ ಬಿದ್ದು ಆಚೆ ಬಂತು. ಗೋಲು ಕೊಡಲಿಲ್ಲ. ಆ ಗದ್ದಲದ ನಂತರ 2012ರಲ್ಲಿ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, 2014ರ ವಿಶ್ವಕಪ್‌ನಲ್ಲಿ ಬಂತು. ಒಂದೊಂದು ಗೋಲಿಗೆ ಏಳು ಕ್ಯಾಮೆರಾ. ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರಕ್ಕೆ ಸಂಕೇತ.

ಆದರೆ ದೋಹಾದಲ್ಲಿ ಅದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಅದು ಹೇಳುವುದು ಚೆಂಡು ಎರಡು ಕಂಬದ ನಡುವೆ ಗೋಲಿಗೆ ಹೋಯಿತೇ ಎನ್ನುವುದನ್ನು ಮಾತ್ರ. ಇಲ್ಲಿ ಚೆಂಡು ಹೋಗಿದ್ದು ಕಂಬದ ಪಕ್ಕದಲ್ಲಿ. ಇದು ತುಂಬ ಜನರಿಗೆ ತಲೆಗೆ ಹೋಗಿಲ್ಲ.

ವಿಡಿಯೋ ಮಾಡುವವರ ಮಾತು

ಬಟವಾಡಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಗೆಳೆಯರೊಬ್ಬರು ನಮ್ಮ ಜೊತೆಗಿದ್ದರು. ಮದುವೆ ಲೈವ್ ಮಾಡುವುದು ಅವರ ಕಸುಬು. ಹುಡುಗರಿಗೆಲ್ಲ ಅವರು ಅಣ್ಣ. ಅವರು ಹೇಳಿದ್ದು ನನಗೆ ತುಂಬ ಹಿಡಿಸಿತು. "ಧಾರೆ ಹೊತ್ತಿಗೆ ನಾಲ್ಕು ಕ್ಯಾಮೆರಾ ಓಡ್ತಿರುತ್ತೆ. ಮಿಕ್ಸರ್ ಮುಂದೆ ಕೂತ ನಾನು ಯಾವುದನ್ನ ಕೊಡ್ತೀನೋ, ಮನೇಲಿ ಕೂತೋರಿಗೆ ಅದೇ ಮದುವೆ. ಮಿಕ್ಕ ಮೂರು ಏನು ನೋಡಿದ್ವು ಅಂತ ಅವರಿಗೆ ಗೊತ್ತೇ ಆಗಲ್ಲ."

ಟಿವಿ ಫುಟ್‌ಬಾಲ್ ಕೂಡ ಹೀಗೆಯೇ. ರಿಪ್ಲೇ ಯಾವ ಆ್ಯಂಗಲ್‌ನಿಂದ ಬರಬೇಕು ಎಂದು ನಿರ್ಧರಿಸುವುದು ಪ್ರಸಾರದ ನಿರ್ದೇಶಕ. ಅವರ ಕಣ್ಣು ಆಟದ ಸೊಗಸಿನ ಮೇಲೆ, ಆಟಗಾರನ ಮುಖದ ಮೇಲೆ. ತೀರ್ಪು ಅವರ ಕೆಲಸವಲ್ಲ. ವಿಎಆರ್ ಕೋಣೆಯ ಬಲವೇ ಇಲ್ಲಿರುವುದು. ಅಲ್ಲಿ ಕೂತ ಅಧಿಕಾರಿ ನಿರ್ದೇಶಕ ಕೊಟ್ಟ ಚಿತ್ರಕ್ಕೆ ಕಾಯಬೇಕಿಲ್ಲ. ಮೈದಾನದ ಎಲ್ಲ ಕ್ಯಾಮೆರಾಗಳ ಚಿತ್ರವೂ ಅವರಿಗೆ ನೇರವಾಗಿ ಸಿಗುತ್ತದೆ. ಯಾವುದನ್ನು ಬೇಕಾದರೂ ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ ನೋಡಬಹುದು. 2022ರ ವಿಶ್ವಕಪ್‌ನಲ್ಲಿ ಅವರ ಕೈಯಲ್ಲಿ 42 ಪ್ರಸಾರ ಕ್ಯಾಮೆರಾಗಳಿದ್ದವು. ಆಫ್‌ಸೈಡ್ (ಎದುರಾಳಿ ರಕ್ಷಣೆಗಿಂತ ಮುಂದೆ ನಿಂತು ಪಾಸ್ ಪಡೆಯುವ ತಪ್ಪು) ಪತ್ತೆಗೆಂದು ಚಾವಣಿಯಡಿ ಇನ್ನೂ 12.

ಅಣ್ಣ ಇನ್ನೊಂದು ಲೆಕ್ಕವನ್ನೂ ತೋರಿಸಿದರು. ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದ ಹೊಡೆತ ಎರಡು ಚಿತ್ರಗಳ ನಡುವೆ ಸುಮಾರು 67 ಸೆಂ.ಮೀ. ಮುಂದೆ ಹೋಗಿರುತ್ತದೆ. ಅಂದರೆ ಮೂರು ಚೆಂಡಿನಷ್ಟು ದೂರ. ಗೆರೆ ದಾಟಿದ ಕ್ಷಣವೇ ಯಾವ ಚಿತ್ರದಲ್ಲೂ ಇರದೆ ಹೋಗಬಹುದು. ದೋಹಾದಲ್ಲಿ ಚೆಂಡು ನಿಧಾನವಾಗಿ ಉರುಳಿದ್ದರಿಂದ ಈ ತೊಂದರೆ ಇರಲಿಲ್ಲ.

ಒಂದೇ ಊರು, ಅದೇ ಪ್ರಶ್ನೆ

ದೋಹಾದ ಗೋಲಿನ ಪಕ್ಕಕ್ಕೆ ಇನ್ನೊಂದನ್ನು ಇಡಲೇಬೇಕು. 2022ರ ಡಿಸೆಂಬರ್ 1. ಅದೇ ದೋಹಾದ ಖಲೀಫಾ ಕ್ರೀಡಾಂಗಣ. ಜಪಾನ್ ಮತ್ತು ಸ್ಪೇನ್. ಕವೋರು ಮಿತೋಮ ಗೋಲ್ ಗೆರೆಯ ಮೇಲಿಂದ ಚೆಂಡನ್ನು ಒಳಗೆ ಕೊಟ್ಟರು, ಆವೋ ತನಾಕ ಗೋಲು ಮಾಡಿದರು. ಮೈದಾನದಲ್ಲಿ ಮೊದಲು ಔಟ್ ಎಂದಿದ್ದರು. ಟಿವಿಯಲ್ಲಿ ಕಂಡ ಎಷ್ಟೋ ಚಿತ್ರಗಳಲ್ಲಿ ಚೆಂಡಿಗೂ ಗೆರೆಗೂ ನಡುವೆ ಹಸಿರು ಹುಲ್ಲು ಕಾಣುತ್ತಿತ್ತು. ವಿಎಆರ್‌ನವರು ಗೋಲ್‌ಲೈನ್ ಕ್ಯಾಮೆರಾಗಳ ಚಿತ್ರ ನೋಡಿ, ಚೆಂಡಿನ ಉಬ್ಬು ಗೆರೆಯ ಮೇಲಿದೆ ಎಂದು ಗೋಲು ಕೊಟ್ಟರು. ಮಿಲಿಮೀಟರ್ ಲೆಕ್ಕದ ಮಾತು. ಜಪಾನ್ 2-1ರಿಂದ ಗೆದ್ದಿತು. ಕೋಸ್ಟರಿಕಾವನ್ನು 4-2ರಿಂದ ಸೋಲಿಸಿದ್ದ ಜರ್ಮನಿ ಮನೆಗೆ ಹೋಯಿತು. ನಂತರ ಫೀಫಾ ಕೂಡ ಬೇರೆ ಕ್ಯಾಮೆರಾಗಳ ಚಿತ್ರ ದಾರಿ ತಪ್ಪಿಸಬಹುದು ಎಂದು ವಿವರಣೆ ಕೊಟ್ಟಿತು.

ಇದನ್ನು ತೋರಿಸಿದ ಕೂಡಲೇ ಹುಡುಗರಲ್ಲಿ ಒಬ್ಬ ವಾದ ತಿರುಗಿಸಿದ. "ಹಾಗಾದ್ರೆ ಸರ್, ಭಾರತದ ಮ್ಯಾಚಲ್ಲೂ ಚೆಂಡು ಒಳಗೇ ಇತ್ತೇನೋ? ಅಲ್ಲೂ ಗ್ಯಾಪ್ ಕಾಣ್ತಿತ್ತು, ಇಲ್ಲೂ ಗ್ಯಾಪ್ ಕಾಣ್ತಿದೆ."

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನನ್ನ ಅಭಿಪ್ರಾಯ ಇದು. ಮಿತೋಮ ಪ್ರಕರಣದಲ್ಲಿ ಕಂಡ ಹುಲ್ಲು ನಮ್ಮ 8 ಸೆಂ.ಮೀ. ತರಹದ್ದು. ಚೆಂಡಿನ ಬುಡದ ಹತ್ತಿರದ ಸಂದು. ಭಾರತದ ಪಂದ್ಯದಲ್ಲಿ ಚೆಂಡು ಅದಕ್ಕಿಂತ ಚೆನ್ನಾಗಿಯೇ ಆಚೆ ಹೋಗಿತ್ತು. ಅಲ್ ಹುಸೇನ್ ಕಾಲು ಹಾಕಿ ಎಳೆದದ್ದು ಗೆರೆಯ ಆಚೆಯಿಂದ. ನನಗೆ ಅದು ಔಟ್, ಸಂಶಯವಿಲ್ಲ. ಆದರೆ ನನ್ನ ಖಾತ್ರಿಗೂ ತೀರ್ಪಿಗೂ ವ್ಯತ್ಯಾಸವಿದೆ. ಮಿತೋಮ ವಿಷಯದಲ್ಲೂ ಕೋಟ್ಯಂತರ ಜನ ಇಷ್ಟೇ ಖಾತ್ರಿಯಿಂದ ಔಟ್ ಎಂದಿದ್ದರು. ಅವರನ್ನು ತಿದ್ದಿದ್ದು ಗೆರೆಯ ನೇರಕ್ಕಿದ್ದ ಕ್ಯಾಮೆರಾ, ಮತ್ತು ಅದನ್ನು ನೋಡುವ ಹೊಣೆ ಹೊತ್ತಿದ್ದ ಒಬ್ಬ ಅಧಿಕಾರಿ. 2024ರ ಜೂನ್‌ನಲ್ಲಿ ಆ ವ್ಯವಸ್ಥೆಯೇ ಇರಲಿಲ್ಲ.

ಲೈನ್ಸ್‌ಮನ್, ಅಂದರೆ ಬಾವುಟ ಹಿಡಿದು ಗೆರೆ ಕಾಯುವ ಸಹಾಯಕ ರೆಫರಿ, ಅವರ ಕಡೆಯಿಂದಲೂ ನೋಡಬೇಕು. 68 ಮೀಟರ್ ಅಗಲದ ಮೈದಾನ, 7.32 ಮೀಟರ್ ಗೋಲು. ಅವರು ಬಾವುಟದ ಹತ್ತಿರವೇ ನಿಂತಿದ್ದರೂ ಹತ್ತಿರದ ಕಂಬ 30 ಮೀಟರ್ ದೂರ, ಆಚೆ ಕಂಬ 37ರಿಂದ 38 ಮೀಟರ್. ಅಷ್ಟರೊಳಗೆ ಹತ್ತು ಹದಿನೈದು ಜನರ ಕಾಲು. ಫ್ರೀಕಿಕ್ ಹೊಡೆಯುವಾಗ ಅವರು ಆಫ್‌ಸೈಡ್ ಗೆರೆಯಲ್ಲಿ ನಿಂತಿರಬೇಕು, ಮರುಕ್ಷಣ ಗೋಲ್ ಗೆರೆಗೆ ಓಡಬೇಕು. ಈ ಕೆಲಸವನ್ನು ನಮ್ಮ ಮಕ್ಕಳೇ ಮಾಡಿ ನೋಡಿದರು. ಮೂರು ಜನ ಅಡ್ಡ ನಿಂತರೆ ಸಾಕು, ಚೆಂಡು ಕಾಣುವುದಿಲ್ಲ. ಹಾಗಂತ ತಪ್ಪು ತಪ್ಪಲ್ಲ ಎಂದು ನಾನು ಹೇಳುವುದಿಲ್ಲ. ಕಾಣದಿದ್ದರೆ ಆ ಮನುಷ್ಯನಿಗೆ ನೆರವಾಗುವ ಇನ್ನೊಂದು ಕಣ್ಣು ಬೇಕಿತ್ತು.

ಹೊಟ್ಟೆ ಉರಿಸುವ ಸಂಗತಿ ಮುಂದಿನದು. ಅದೇ ವರ್ಷ ಜನವರಿ, ಫೆಬ್ರುವರಿಯಲ್ಲಿ ಕತಾರ್‌ನಲ್ಲೇ ಏಷ್ಯಾ ಕಪ್ ನಡೆದಿತ್ತು. ಎಲ್ಲ 51 ಪಂದ್ಯಗಳಲ್ಲೂ ವಿಎಆರ್ ಇತ್ತು. ಜಾಸಿಮ್ ಬಿನ್ ಹಮದ್ ಕ್ರೀಡಾಂಗಣವೂ ಆ ಟೂರ್ನಿಯ ಮೈದಾನಗಳಲ್ಲಿ ಒಂದು. ನಾಲ್ಕೇ ತಿಂಗಳಲ್ಲಿ ಅದೇ ಹುಲ್ಲಿನ ಮೇಲೆ ವಿಶ್ವಕಪ್ ಅರ್ಹತಾ ಪಂದ್ಯ ನಡೆದಾಗ ಆ ನೆರವು ಇರಲಿಲ್ಲ, ಯಾಕೆಂದರೆ ಎರಡನೇ ಸುತ್ತಿಗೆ ಅದನ್ನು ಇಟ್ಟಿರಲಿಲ್ಲ. ಅರ್ಹತಾ ಪಂದ್ಯಗಳು ಏಷ್ಯಾದ ಎಲ್ಲ ಮೂಲೆಗಳಲ್ಲಿ ನಡೆಯುತ್ತವೆ. ಎಲ್ಲೆಡೆ ಒಂದೇ ಮಟ್ಟದ ಕ್ಯಾಮೆರಾ, ತರಬೇತಿ ಪಡೆದ ಅಧಿಕಾರಿ ಸಿಗುವುದು ಕಷ್ಟ. ಒಂದು ಕಡೆ ಇಟ್ಟು ಇನ್ನೊಂದು ಕಡೆ ಬಿಡುವುದೂ ಸರಿಯಲ್ಲ. ಈ ಕಷ್ಟ ಅರ್ಥವಾಗುತ್ತದೆ. ಆದರೂ ಒಂದು ದೇಶದ ಮುಂದಿನ ದಾರಿ ತೀರ್ಮಾನವಾಗುವ ಸುತ್ತಿಗೆ ಅದು ಬೇಕಿತ್ತು ಎಂದೇ ನನ್ನ ನಿಲುವು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟಿತು, ತನಿಖೆ ಕೇಳಿತು. ಫಲಿತಾಂಶ ಬದಲಾಗಲಿಲ್ಲ. ಕೆಲವೇ ದಿನಗಳಲ್ಲಿ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ತೆಗೆದರು. ಏಷ್ಯಾ ಕಪ್‌ಗೆ ಭಾರತ ಇನ್ನೊಂದು ಅರ್ಹತಾ ಸುತ್ತು ಆಡಬೇಕಾಯಿತು. 2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರದ ಎದುರು 2-1ರಿಂದ ಸೋತು ಆ ಬಾಗಿಲೂ ಮುಚ್ಚಿತು. ಆ ಸೋಲಿಗೆ ದೋಹಾದ ಗೋಲು ಕಾರಣ ಎನ್ನಲಾರೆ. ಆಟವೇ ಚೆನ್ನಾಗಿರಲಿಲ್ಲ.

ಕಂಠೀರವದ ಗೋಲು ಬೇರೆ

ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯ ನೋಡಲು ಹೋಗುವವರು ಕೂಡಲೇ ಇನ್ನೊಂದು ಗೋಲನ್ನು ನೆನಪಿಸುತ್ತಾರೆ. 2023ರ ಮಾರ್ಚ್ 3, ಕಂಠೀರವ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಯ ಛೆಟ್ರಿ ಎದುರಾಳಿ ಸಜ್ಜಾಗುವ ಮೊದಲೇ ಬೇಗನೆ ಹೊಡೆದ ಫ್ರೀಕಿಕ್, ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದದ್ದು, ಆಮೇಲೆ 4 ಕೋಟಿ ರೂಪಾಯಿ ದಂಡ. ಅದರ ನಂತರ ಭಾರತಕ್ಕೂ ವಿಎಆರ್ ಬೇಕು ಎಂಬ ಕೂಗು ಜೋರಾಯಿತು. ಆದರೆ ಆ ಪ್ರಕರಣಕ್ಕೆ ಕ್ಯಾಮೆರಾ ಮದ್ದಲ್ಲ. ಅಲ್ಲಿ ಎಲ್ಲರೂ ನೋಡಿದ್ದು ಒಂದೇ. ಬೇಗ ಹೊಡೆಯಲು ಬಿಡಬೇಕಿತ್ತೇ ಎನ್ನುವುದು ರೆಫರಿಯ ವಿವೇಚನೆ. ದೋಹಾದ್ದು ಹಾಗಲ್ಲ. ಚೆಂಡು ಒಂದೋ ಒಳಗೆ, ಇಲ್ಲವೋ ಹೊರಗೆ. ಈ ಎರಡನ್ನೂ ಒಟ್ಟಿಗೆ ಕಲಸಿ "ವಿಎಆರ್ ಬಂದರೆ ಎಲ್ಲಾ ಸರಿಹೋಗುತ್ತೆ" ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ನಮ್ಮ ಮಟ್ಟದಲ್ಲಿ

ಪೂರ್ಣ ವಿಎಆರ್ ನಮ್ಮ ಲೀಗ್‌ಗಳಿಗೆ ದುಬಾರಿ. ಇದಕ್ಕೆ ಫೀಫಾ ಇನ್ನೊಂದು ದಾರಿ ಪರೀಕ್ಷಿಸುತ್ತಿದೆ, ಫುಟ್‌ಬಾಲ್ ವಿಡಿಯೋ ಸಪೋರ್ಟ್ ಎಂದು. ಪ್ರತ್ಯೇಕ ವಿಡಿಯೋ ರೆಫರಿ ಇರುವುದಿಲ್ಲ. ಕೋಚ್ ಪಂದ್ಯಕ್ಕೆ ಎರಡು ಸಲ ಮರುಪರಿಶೀಲನೆ ಕೇಳಬಹುದು, ಸರಿಯಾಗಿದ್ದರೆ ಅವಕಾಶ ಉಳಿಯುತ್ತದೆ. ರೆಫರಿಯೇ ಪರದೆ ಹತ್ತಿರ ಬಂದು ನೋಡುತ್ತಾರೆ. ನಾಲ್ಕೈದು ಕ್ಯಾಮೆರಾ ಇರುವ ಪಂದ್ಯಗಳಿಗೆಂದೇ ಯೋಚಿಸಿದ್ದು ಇದು. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಬಳಸಿದರು. ಭಾರತದ ಲೀಗ್‌ಗಳು ಮೊದಲು ನೋಡಬೇಕಾದ್ದು ಇದನ್ನು ಎಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ಆ ನಾಲ್ಕೈದರಲ್ಲಿ ಎರಡು ಗೋಲ್ ಗೆರೆಯ ನೇರಕ್ಕೆ ಇರಬೇಕು. ಎಲ್ಲ ಕ್ಯಾಮೆರಾವನ್ನೂ ಮಧ್ಯಗೆರೆಯ ಸುತ್ತಮುತ್ತಲೇ ಇಟ್ಟರೆ ದುಡ್ಡು ದಂಡ.

ತುಮಕೂರು, ಕೋಲಾರದ ಕಡೆ ಈಗ ಊರಿನ ಟೂರ್ನಿಗಳೂ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವೆ. ಆಯೋಜಕರು ಒಂದು ಕ್ಯಾಮೆರಾ ತರಿಸಿದರೆ ಮಧ್ಯದಲ್ಲೇ ನಿಲ್ಲಿಸುತ್ತಾರೆ. ಗೋಲು ವಿವಾದವಾದರೆ ಜನ ಆ ಒಂದು ಚಿತ್ರ ಹಿಡಿದು ರೆಫರಿಯನ್ನು ಸುತ್ತುವರಿಯುತ್ತಾರೆ. ಅಷ್ಟು ದೂರದ, ಓರೆಯಾದ ಚಿತ್ರ ಎಷ್ಟು ಸುಳ್ಳು ಹೇಳಬಲ್ಲದು ಎಂದು ನಾವು ದಾರ ಕಟ್ಟಿ ನೋಡಿದ್ದೇವೆ.

ಹಾಗಾಗಿ ನಮ್ಮ ಅಭ್ಯಾಸ ಪಂದ್ಯಗಳಲ್ಲಿ ಈಗ ಎರಡೂ ಗೋಲ್ ಗೆರೆಯ ತುದಿಯಲ್ಲಿ ಸ್ಟ್ಯಾಂಡ್ ಮೇಲೆ ಒಂದೊಂದು ಮೊಬೈಲ್ ಇರುತ್ತದೆ. ಪಂದ್ಯ ನಡೆಯುವಾಗ ಯಾರೂ ಅದನ್ನು ನೋಡುವಂತಿಲ್ಲ, ರೆಫರಿಯ ತೀರ್ಪೇ ತೀರ್ಪು. ಮುಗಿದ ಮೇಲೆ ಲೈನ್ಸ್‌ಮನ್ ಆಗಿದ್ದವರು ಕೂತು ತಮ್ಮ ತೀರ್ಪನ್ನೂ ಚಿತ್ರವನ್ನೂ ಒಟ್ಟಿಗೆ ನೋಡುತ್ತಾರೆ. ತಾವು ಆಗ ಎಲ್ಲಿ ನಿಂತಿದ್ದೆವು, ಯಾರು ಅಡ್ಡ ಬಂದರು ಎಂದು ಬರೆದಿಡುತ್ತಾರೆ. ಗುಬ್ಬಿಯ ಆ ಹುಡುಗಿ ಫ್ರೀಕಿಕ್ ಆದ ತಕ್ಷಣ ಗೋಲ್ ಗೆರೆಗೆ ಓಡುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡುತ್ತಿದ್ದಾಳೆ. ದೋಹಾದ ಚೆಂಡಿನ ಬಗ್ಗೆ ವಾದ ತಿರುಗಿಸಿದ ಹುಡುಗ ಮಾತ್ರ ಇನ್ನೂ ಒಪ್ಪಿಲ್ಲ. ಗೆರೆಯ ನೇರದ ಚಿತ್ರ ತೋರಿಸಿ ಸರ್, ಆಮೇಲೆ ಹೇಳ್ತೀನಿ ಅನ್ನುತ್ತಾನೆ.